ಹಿಂದಿನ ಬೆಂಚಿನ ಆರು ತಿಂಗಳು

ನಮ್ಮ ಓಣಿಯಲ್ಲಿ ಆ ರೋಗವನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ‘ಆ ಕೆಮ್ಮು’ ಅನ್ನುತ್ತಾರೆ, ಅಂದವರೇ ಒಮ್ಮೆ ಬಾಗಿಲ ಕಡೆ ನೋಡುತ್ತಾರೆ. ನನಗೆ ಕ್ಷಯ ಆಗಿತ್ತು. ಈಗ ಗುಣವಾಗಿದೆ. ಬಾಗಲಕೋಟೆಯ ದವಾಖಾನೆಯಲ್ಲಿ ಗುಳಿಗೆ ಕೊಡುವ ಕಿಟಕಿಯ ಮುಂದೆ ಸೆರಗಿನಿಂದ ಮುಖ ಮುಚ್ಚಿಕೊಂಡು ನಿಂತ ಹೆಣ್ಣುಮಕ್ಕಳನ್ನು ಎಷ್ಟೋ ಸಲ ನೋಡಿದ್ದೇನೆ, ಅವರ ಸಾಲಿನಲ್ಲಿ ನಾನೂ ಹಾಗೆಯೇ ನಿಂತಿದ್ದೇನೆ. ಇದನ್ನು ಅವರಿಗಾಗಿ ಬರೆಯುತ್ತಿದ್ದೇನೆ. ಆದರೆ ಬರೆಯಲು ಕುಳಿತರೆ ರೋಗಕ್ಕಿಂತ ನನ್ನ ತಪ್ಪಿನ ಮಾತೇ ಹೆಚ್ಚು ಬರುತ್ತದೆ. ಅದನ್ನು ಬಿಟ್ಟು ಇದನ್ನಷ್ಟೇ ಹೇಳಲು ನನಗೆ ಆಗಲಿಲ್ಲ.

ನಾನು ಎಸ್ತೇರ, ಗುಳೇದಗುಡ್ಡದವಳು, ವಯಸ್ಸು ಐವತ್ತನಾಲ್ಕು. ನಮ್ಮ ಮನೆಯವರು ಜಯವಂತ, ಮನೆಯಲ್ಲೇ ಮಗ್ಗ ಹಾಕಿಕೊಂಡು ಕುಬುಸದ ಖಣ ನೇಯುತ್ತಾರೆ. ಒಬ್ಬಳೇ ಮಗಳು ಕರುಣಾ, ಇಳಕಲ್ಲಿಗೆ ಕೊಟ್ಟಿದ್ದೇವೆ, ಆಕೆಗೆ ಒಂದು ಸಣ್ಣ ಮಗುವಿದೆ. ನಮ್ಮ ಮುತ್ತಜ್ಜಂದಿರ ಕಾಲದಿಂದ ನಾವು ಕ್ರೈಸ್ತರು, ಅವರ ಕಾಲದಿಂದಲೇ ನೇಕಾರರು. ಊರಲ್ಲಿ ನಮ್ಮದು ಸಣ್ಣ ಸಭೆ, ಅರವತ್ತು ಮಂದಿ ಬಂದರೆ ಪ್ರಾರ್ಥನೆಯ ಗುಡಿ ತುಂಬಿದಂತೆ.

ಆ ಸಭೆಯಲ್ಲಿ ನಾನು ಸಣ್ಣವಳಲ್ಲ. ಮಹಿಳಾ ಸಂಘಕ್ಕೆ ಹಿರಿಯಳು, ಸಂಡೇ ಸ್ಕೂಲಿಗೆ ಟೀಚರು, ಹಾಡಿನವರಲ್ಲಿ ಮೊದಲ ಬೆಂಚು. ಎಲ್ಲಕ್ಕಿಂತ ದೊಡ್ಡದು, ಪ್ರಭುವಿನ ಕೊನೆಯ ಊಟದ ನೆನಪಿಗೆ ಮಾಡುವ ಪವಿತ್ರ ಭೋಜನದ ರೊಟ್ಟಿ ಮತ್ತು ರಸ ನಮ್ಮ ಮನೆಯಿಂದ ಹೋಗುತ್ತಿತ್ತು. ಪ್ರತಿ ತಿಂಗಳ ಮೊದಲ ಭಾನುವಾರ ಭೋಜನ. ಶುಕ್ರವಾರ ಒಣದ್ರಾಕ್ಷಿಯನ್ನು ಮೂರು ನೀರಲ್ಲಿ ತೊಳೆದು ನೆನೆಹಾಕಬೇಕು, ಶನಿವಾರ ಕುದಿಸಿ ಬಿಳಿ ಬಟ್ಟೆಯಲ್ಲಿ ಸೋಸಬೇಕು, ಉಪ್ಪು ಹಾಕದ ಗೋಧಿ ರೊಟ್ಟಿ ಬೇಯಿಸಬೇಕು. ಅತ್ತೆಯ ಅತ್ತೆ ಮಾಡಿದರು, ಅತ್ತೆ ಮಾಡಿದರು, ಮೂವತ್ತು ವರ್ಷದಿಂದ ನಾನು ಮಾಡುತ್ತಿದ್ದೆ. ಒಂದೇ ದೊಡ್ಡ ಬಟ್ಟಲಲ್ಲಿ ಎಲ್ಲರೂ ಕುಡಿಯುವುದು ನಮ್ಮ ರೂಢಿ. ಕೊರೊನಾ ಕಾಲದಲ್ಲಿ ಅದು ನಿಂತಿತ್ತು, ಆಮೇಲೆ ಹಿರಿಯರು ಹಟ ಹಿಡಿದು ಮತ್ತೆ ಬಟ್ಟಲು ತಂದರು. ಹಟ ಹಿಡಿದವರಲ್ಲಿ ನಾನೇ ಮುಂದೆ.

ಮೂರು ವರ್ಷದ ಹಿಂದೆ ನಮ್ಮ ಸಭೆಯ ರೂತವ್ವನಿಗೆ ಕ್ಷಯ ಆಯಿತು. ನನಗಿಂತ ಹತ್ತು ವರ್ಷ ಸಣ್ಣವಳು, ಗಂಡ ತೀರಿಕೊಂಡಿದ್ದಾನೆ. ನಾಲ್ಕು ಮನೆಗಳಲ್ಲಿ ಮಗ್ಗದ ಲಾಳಿಗೆ ನೂಲು ಸುತ್ತಿಕೊಟ್ಟು ಬದುಕುವವಳು. ಯಾರಾದರೂ ಕೆಮ್ಮಿದರೆ ಮಂದಿ ಇನ್ನೂ ಬೆಚ್ಚಿ ಬೀಳುತ್ತಿದ್ದ ಕಾಲ ಅದು. ಆಕೆ ಬಟ್ಟಲಿಗೆ ಬಾಯಿ ಇಟ್ಟರೆ ಹೇಗೆ ಎಂದು ಹೆಂಗಸರು ನನ್ನ ಹತ್ತಿರ ಬಂದು ಪಿಸುಗುಟ್ಟಿದರು. ನಾನು ಸಭೆಯ ಅಯ್ಯನವರಿಗೆ, ಎಂದರೆ ನಮ್ಮ ಪಾದ್ರಿಗೆ, ಹೇಳಿದೆ. ಅವರು ಮೆತ್ತಗಿನ ಮನುಷ್ಯ. ಹೇಗೆ ಹೇಳುವುದು, ಆಕೆಗೆ ನೋವಾಗುತ್ತದೆ ಎಂದು ತಲೆ ತುರಿಸಿಕೊಂಡರು. ನೀವು ಚಿಂತೆ ಮಾಡಬೇಡಿ, ನನಗೆ ಬಿಡಿ ಅಂದೆ. ಇಂಥ ಕೆಲಸ ನನಗೆ ಬಿಟ್ಟರೆ ನನಗೆ ಖುಷಿ.

ಜೋಳದ ಚೀಲ, ಒಂದು ಡಜನ್ ತತ್ತಿ ತೆಗೆದುಕೊಂಡು ರೂತವ್ವನ ಮನೆಗೆ ಹೋದೆ. ಆಕೆಯ ಜೊತೆ ಪ್ರಾರ್ಥನೆ ಮಾಡಿದೆ. ಆಮೇಲೆ ಬೆಲ್ಲದಂಥ ದನಿಯಲ್ಲಿ ಹೇಳಿದೆ:

“ಔಷಧ ಮುಗಿಯೂಮಟ ಹಿಂದಿನ ಬೆಂಚಿನ್ಯಾಗ ಕುಂಡ್ರು ರೂತವ್ವ. ಭೋಜನಕ್ಕ ಮುಂದ ಬರಬ್ಯಾಡ. ದೇವರು ನಿನ್ನ ಮನಸ್ಸು ನೋಡ್ತಾನ.”

ಆಕೆ ತಲೆ ತಗ್ಗಿಸಿ, “ಆತ್ರಿ ಅಕ್ಕ,” ಅಂದಳು. ಅಷ್ಟೇ.

ಆರು ತಿಂಗಳಿಗೆ ಆಕೆಯ ಔಷಧ ಮುಗಿಯಿತು. ಬುಧವಾರದ ಪ್ರಾರ್ಥನೆಯಲ್ಲಿ ಎದ್ದು ನಿಂತು, ನಮ್ಮ ರೂತವ್ವನನ್ನು ಗುಣಪಡಿಸಿದ ದೇವರಿಗೆ ಸ್ತೋತ್ರ ಎಂದು ದೊಡ್ಡ ದನಿಯಲ್ಲಿ ಹೇಳಿದವಳು ನಾನೇ. ಕಣ್ಣಲ್ಲಿ ನೀರೂ ಬಂದಿತ್ತು, ಸುಳ್ಳು ನೀರಲ್ಲ. ಆದರೆ ಇನ್ನು ಮುಂದೆ ಬಾ ಎಂದು ಆಕೆಗೆ ಹೇಳಲಿಲ್ಲ. ಮರೆತೆ. ಹಾಗೆ ಬರೆದರೆ ಏನೋ ಸಣ್ಣ ಸಂಗತಿ ಅನ್ನಿಸುತ್ತದೆ. ಮುಂದಿನ ಎರಡು ವರ್ಷ, ತಿಂಗಳಿಗೊಂದು ಸಲ, ನಾನು ಮಾಡಿದ ರೊಟ್ಟಿ ರಸವನ್ನು ಎಲ್ಲರೂ ತೆಗೆದುಕೊಳ್ಳುವಾಗ ರೂತವ್ವ ಬಾಗಿಲ ಪಕ್ಕದ ಬೆಂಚಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ಕುಳಿತಿರುತ್ತಿದ್ದಳು. ತೆಗೆದುಕೊಂಡವರು ಗೋಡೆಯ ಬದಿಯಿಂದ ಹಿಂದಕ್ಕೆ ಸುತ್ತಿ, ಆಕೆಯನ್ನು ದಾಟಿಯೇ ತಮ್ಮ ಜಾಗಕ್ಕೆ ಬರಬೇಕು. ಗಾಳಿ ಬರುತ್ತದೆ, ಆಕೆಗೆ ಅಲ್ಲೇ ಹಿತ ಇರಬೇಕು ಅಂದುಕೊಂಡಿದ್ದೆ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂದು ಪಕ್ಕದ ಮನೆಯ ಅಜ್ಜಿ ಯಾರನ್ನಾದರೂ ಆಡಿಕೊಂಡಾಗ ನಾನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ.

ನನ್ನ ಕೆಮ್ಮು ಶುರುವಾದದ್ದು ಹೋದ ವರ್ಷದ ಮಳೆಗಾಲದ ಕೊನೆಗೆ. ನೂಲಿನ ಧೂಳು ಅಂದೆ. ನೇಕಾರರ ಮನೆಯಲ್ಲಿ ಕೆಮ್ಮು ಎಂದರೆ ಮೊದಲು ಧೂಳಿನ ಮೇಲೆಯೇ ಹಾಕುವುದು. ಸಂಜೆ ಸಣ್ಣಗೆ ಜ್ವರ ಬರುತ್ತಿತ್ತು, ಕುಬುಸ ಸಡಿಲಾಯಿತು. ಖಣ ನೇಯುವ ಮನೆಯವಳ ಕುಬುಸವೇ ಸಡಿಲಾದರೆ ಗಂಡನಿಗೆ ಕಾಣದೇ ಇರುತ್ತದೆಯೇ? ದವಾಖಾನೆಗೆ ಹೋಗೋಣ ಎಂದು ಜಯವಂತ ಎರಡು ತಿಂಗಳು ಹೇಳುತ್ತಲೇ ಇದ್ದರು. ನಾನು ಔಷಧ ಅಂಗಡಿಯ ಸಿರಪ್ಪು ಕುಡಿದು ಭಾನುವಾರ ಮೊದಲ ಬೆಂಚಿನಲ್ಲಿ ನಿಂತು ಹಾಡುತ್ತಲೇ ಇದ್ದೆ.

ಒಂದು ಶನಿವಾರ ಭೋಜನದ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಕೆಮ್ಮು ಬಂತು. ಪಕ್ಕಕ್ಕೆ ತಿರುಗಿ ಸೆರಗು ಬಾಯಿಗೆ ಹಿಡಿದೆ. ತೆಗೆದು ನೋಡಿದರೆ ಕೆಂಪು. ಜಾಸ್ತಿ ಇಲ್ಲ, ಕುಂಕುಮದ ಬೊಟ್ಟಿನಷ್ಟು.

ಅದು ಏನೆಂದು ಗೊತ್ತಿರಲಿಲ್ಲ ಎಂದು ಬರೆಯಬಹುದು. ಗೊತ್ತಿತ್ತು. ರೂತವ್ವನಿಗೂ ಹಾಗೇ ಶುರುವಾಗಿದ್ದನ್ನು ಆಕೆಯ ಬಾಯಿಂದಲೇ ಕೇಳಿದ್ದೆ. ಸೆರಗಿನ ತುದಿ ತೊಳೆದೆ, ಕೈ ತೊಳೆದೆ, ಹೊಸ ಹಿಟ್ಟು ಕಲಸಿದೆ. ಮರುದಿನ ಗುಡಿಗೆ ಹೋಗಿ ಮೂರು ಹಾಡು ಹಾಡಿದೆ. ನನ್ನ ಪಕ್ಕ ಒಂದೇ ಹಾಡಿನ ಪುಸ್ತಕ ಹಿಡಿದು ಸುನೀತಾ ನಿಂತಿದ್ದಳು, ಕಾಲೇಜಿಗೆ ಹೋಗುವ ಹುಡುಗಿ, ನನ್ನ ಸಂಡೇ ಸ್ಕೂಲಿನಲ್ಲೇ ಬೆಳೆದವಳು. ಆಮೇಲೆ ಮುಂದೆ ಹೋಗಿ ಮೊಣಕಾಲೂರಿ ಬಟ್ಟಲಿನಿಂದ ಕುಡಿದೆ. ತಿರುಗಿ ಬರುವಾಗ ರೂತವ್ವನ ಮುಖ ನೋಡಲಿಲ್ಲ.

ಸೋಮವಾರ ಜಯವಂತ ನನ್ನ ಮಾತು ಕೇಳಲಿಲ್ಲ. ಬಾಗಲಕೋಟೆಯ ಬಸ್ಸು ಹತ್ತಿಸಿಯೇ ಬಿಟ್ಟರು. ಎಕ್ಸ್‌ರೇ ಆಯಿತು, ರಕ್ತ ತೆಗೆದರು, ಕಫ ಹಾಕಿ ತರಲು ಸಣ್ಣ ಡಬ್ಬಿ ಕೊಟ್ಟರು. ಅದನ್ನು ಚೀಲದಲ್ಲಿ ಟವೆಲ್ಲಿನೊಳಗೆ ಸುತ್ತಿ ಕಳವಿನ ಮಾಲಿನಂತೆ ಒಯ್ದೆ. ಮರುದಿನ ಫಲಿತಾಂಶಕ್ಕೆ ಕಾಯುವ ಕೋಣೆಯಲ್ಲಿ ಕುಳಿತಾಗ ಎದುರಿಗೆ ಒಬ್ಬ ಮುದುಕ ಇದ್ದ. ಹೆಗಲ ಮೇಲೆ ಕಂಬಳಿ, ಹಣೆಗೆ ಬೀರಪ್ಪ ದೇವರ ಭಂಡಾರದ ಅರಿಶಿನ. ಗುಡೂರು ಕಡೆಯ ಕುರಿಗಾರ. ಆತ ಬಂದವನೇ ಮುಚ್ಚಿದ್ದ ಕಿಟಕಿ ತೆಗೆದು, ಗಾಳಿ ಹೊರಗೆ ಹೋಗುವ ಕಡೆ ತಾನು ಕುಳಿತ. ಥಂಡಿ ಇತ್ತು, ಯಾರೋ ಗೊಣಗಿದರು.

“ಇರ್ಲಿ ಬಿಡ್ರಿ,” ಅಂದ ಆತ. “ನನಗ ಟಿ.ಬಿ. ಐತಿ. ಗಾಳಿ ಆಡಿದ್ರ ನಿಮಗ ಹತ್ತೂದಿಲ್ಲ.”

ಎಷ್ಟು ಸರಳವಾಗಿ ಹೇಳಿದ ಎಂದರೆ, ಬೆಳೆಗೆ ಹುಳ ಬಿದ್ದಿದೆ ಎಂದು ಹೇಳಿದಂತೆ. ಆಮೇಲೆ ನನ್ನ ಕಡೆ ತಿರುಗಿ ನಿಮಗೂ ಅದೇನಾ ಎಂದು ಕೇಳಿದ. ಇಲ್ಲ, ನನಗೆ ಧೂಳಿನ ಕೆಮ್ಮು ಅಂದೆ. ಊರಲ್ಲಿ ಹೇಳಿದ್ದೀರಾ ಎಂದು ನಾನೇ ಮತ್ತೆ ಕೇಳಿದೆ, ತಡೆಯಲಾಗಲಿಲ್ಲ. ಆತ ಆಶ್ಚರ್ಯದಿಂದ ನೋಡಿದ.

“ಹೇಳಲಾರದ ಹೆಂಗ ಇರೂದ್ರಿ? ಮನ್ಯಾಗ ಸಣ್ಣ ಕೂಸು ಅದಾವು.”

ನನ್ನ ಹೆಸರು ಕೂಗಿದರು. ಡಾಕ್ಟರು ಬಾದಾಮಿ ಕಡೆಯ ಸಣ್ಣ ವಯಸ್ಸಿನ ಹೆಣ್ಣುಮಗಳು. ಕ್ಷಯ ಅಂದರು, ಆರು ತಿಂಗಳು ಗುಳಿಗೆ ಅಂದರು, ತಪ್ಪಿಸದೇ ತೆಗೆದುಕೊಂಡರೆ ಗುಣ ಅಂದರು. ಜಯವಂತ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನನ್ನ ಬಾಯಿಂದ ಮೊದಲು ಬಂದ ಮಾತು ನಾನು ಸಾಯುತ್ತೇನೆಯೇ ಎಂದಲ್ಲ. ಒಂದೇ ಬಟ್ಟಲಲ್ಲಿ ಕುಡಿದರೆ ಹತ್ತುತ್ತದೆಯೇ ಎಂದು ಕೇಳಿದೆ. ಡಾಕ್ಟರು ಬಟ್ಟಲಿನ ವಿಷಯ ಪೂರ್ತಿ ಕೇಳಿಸಿಕೊಂಡರು.

“ಬಟ್ಟಲದಿಂದ ಹರಡೂದಲ್ರಿ ಇದು, ಉಸಿರಿನಿಂದ,” ಅಂದರು. “ಮುಚ್ಚಿದ ಜಾಗದಾಗ ಬಾಜೂಕ ನಿಂತು ಕೆಮ್ಮಿದ್ರ, ಹಾಡಿದ್ರ, ಆವಾಗ ಹತ್ತತೈತಿ. ಔಷಧ ಶುರುವಾಗಿ ಕೆಲವು ವಾರ ಆದ ಮ್ಯಾಲ ಸಾಮಾನ್ಯವಾಗಿ ಆ ಅಂಜಿಕಿನೂ ಇರೂದಿಲ್ಲ.”

ಬಸ್ಸಿನಲ್ಲಿ ಜಯವಂತ ಗುಳಿಗೆಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದರು. ನಮ್ಮೂರಿನ ಗುಡ್ಡ ಕಾಣಿಸಿತು. ಆಮೇಲೆ, ಅಯ್ಯನವರಿಗೆ ಹೇಳಿಬಿಡೋಣ ಅಂದರು. ಯಾರಿಗೂ ಹೇಳಕೂಡದು ಅಂದೆ. ಗೊತ್ತಾದರೆ ರೊಟ್ಟಿ ರಸ ನಮ್ಮ ಮನೆಯಿಂದ ಹೋಗುವುದು ನಿಲ್ಲುತ್ತದೆ, ಮೂರು ತಲೆಮಾರಿನದ್ದು ನನ್ನ ಕೈಯಲ್ಲಿ ಮುಗಿಯುತ್ತದೆ ಅಂದೆ. ಸೊಂಟ ನೋವು ಎಂದು ಹೇಳಿ ಎಂದು ಅವರಿಗೆ ಕಲಿಸಿಕೊಟ್ಟೆ. ಸುಳ್ಳು ಅವರ ನಾಲಿಗೆಗೆ ಹತ್ತುವುದಿಲ್ಲ. ಭಾನುವಾರ ಒಬ್ಬರೇ ಗುಡಿಗೆ ಹೋಗಿ ಕೇಳಿದವರಿಗೆಲ್ಲ ‘ಆಕಿಗೆ ಆರಾಮಿಲ್ಲ’ ಎಂದಷ್ಟೇ ಹೇಳಿ ನೆಲ ನೋಡುತ್ತಾ ಬಂದರಂತೆ.

ಮೊದಲ ದಿನಗಳ ಗುಳಿಗೆಗಳ ಬಗ್ಗೆ ಹೇಳಬೇಕು, ಈಗ ನುಂಗುತ್ತಿರುವವರಿಗೆ ಅದು ಗೊತ್ತಿರಲಿ. ಹೊಟ್ಟೆ ತೊಳಸುತ್ತದೆ. ಮೂತ್ರ ಕೇಸರಿ ಬಣ್ಣಕ್ಕೆ ಬರುತ್ತದೆ, ನಾನು ಅದನ್ನು ಮೊದಲು ನೋಡಿ ಚೀರಿದೆ. ಊಟ ರುಚಿಸುವುದಿಲ್ಲ. ಎಲ್ಲ ವಾಸನೆಯೂ ನೂಲಿಗೆ ಹಚ್ಚುವ ಗಂಜಿಯ ವಾಸನೆಯೇ. ಎರಡನೇ ವಾರ ಜ್ವರ ಇಳಿದ ಸಂಜೆ ಜಯವಂತ ಒಂದು ತಟ್ಟೆಯಲ್ಲಿ ಇಬ್ಬರಿಗೂ ಅನ್ನ ಕಲಸಿ ತಂದರು. ಬೇರೆ ತಟ್ಟೆ ತನ್ನಿ ಎಂದು ಬೈದೆ. ಕೇಳಿಸದವರಂತೆ ಉಂಡರು. ಅವರನ್ನೂ ಪರೀಕ್ಷೆ ಮಾಡಿದ್ದರು, ಏನೂ ಇರಲಿಲ್ಲ. ಅದಕ್ಕೆ ಮಾಡಿದಷ್ಟು ಸ್ತೋತ್ರ ನಾನು ಬೇರೆ ಯಾವುದಕ್ಕೂ ಮಾಡಿಲ್ಲ.

ಕರುಣಾಳಿಗೆ ಹೇಳಲೇಬೇಕಾಯಿತು. ಮಗುವನ್ನು ಕರೆದುಕೊಂಡು ಹೋಗಬೇಡ ಎಂದು ಆಕೆಯ ಅತ್ತೆ ಅಂದರಂತೆ. ಅದನ್ನು ಕೇಳಿ ನನಗೆ ಎಷ್ಟು ಸಿಟ್ಟು ಬಂತೆಂದರೆ ಫೋನು ಇಟ್ಟುಬಿಟ್ಟೆ. ನಾನು ರೂತವ್ವನಿಗೆ ಹೇಳಿದಾಗ ಆಕೆಗೂ ಇಷ್ಟೇ ಉರಿದಿರಬೇಕು ಎಂದು ಆಗ ಹೊಳೆಯಲಿಲ್ಲ. ಹೊಳೆಯದಂತೆ ನೋಡಿಕೊಂಡೆ ಅನ್ನುವುದೇ ಖರೆ.

ಆರಾಮಿಲ್ಲ ಎಂಬ ಮಾತು ಕೇಳಿದ ಮರುದಿನ ಬೆಳಿಗ್ಗೆ ಏಳಕ್ಕೆ ರೂತವ್ವ ನಮ್ಮ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಅಂಬಲಿಯ ಚರಿಗೆ. ನಾನು ಕೆಮ್ಮಿದೆ. ಆಕೆ ನನ್ನ ಮುಖ ನೋಡಲಿಲ್ಲ, ಗೋಡೆಯ ಗೂಡಿನಲ್ಲಿದ್ದ ಗುಳಿಗೆಯ ಚೀಲ ನೋಡಿದಳು. ಗುಳಿಗೆಯನ್ನು ಯಾವ ಹೊತ್ತಿಗೆ ತೆಗೆದುಕೊಂಡರೆ ತೊಳಸುವುದು ಕಡಿಮೆ, ಆಮೇಲೆ ಏನು ಕುಡಿಯಬೇಕು ಎಂದು ಹೇಳಿದಳು. ಎರಡು ತಿಂಗಳಿಗೆ ಮೈ ಹಗುರಾಗುತ್ತದೆ, ಆಗ ಬಿಟ್ಟುಬಿಡಬೇಕು ಅನ್ನಿಸುತ್ತದೆ, ಬಿಡಬೇಡಿ ಅಂದಳು. ಅಂದಿನಿಂದ ದಿನಾಲೂ ಕೆಲಸಕ್ಕೆ ಹೋಗುವ ಮುಂಚೆ ಬಂದು, ನಾನು ನುಂಗುವ ತನಕ ಕುಳಿತು, ಹೋಗುವಳು. ಯಾರಿಗೂ ಹೇಳಲಿಲ್ಲ. ಆಕೆ ಒಮ್ಮೆ ಬೈದಿದ್ದರೆ ನನಗೆ ಎಷ್ಟೋ ಸುಲಭವಿತ್ತು. ಪ್ರತಿ ಬೆಳಿಗ್ಗೆ ಈ ದಿನ ಅಂದೇ ಅನ್ನುತ್ತಾಳೆ ಎಂದು ಕಾಯುತ್ತಿದ್ದೆ.

ಮುಂದಿನ ತಿಂಗಳ ಭೋಜನ ಹತ್ತಿರ ಬಂತು. ಅಯ್ಯನವರು ಹೇಳಿ ಕಳಿಸಿದರು, ಆರಾಮಿಲ್ಲದಿದ್ದರೆ ಈ ಸಲ ನಮ್ಮ ಮನೆಯಲ್ಲಿ ಮಾಡುತ್ತೇವೆ ಎಂದು. ಬೇಡ, ನಾನೇ ಮಾಡುತ್ತೇನೆ ಅಂದೆ. ಔಷಧ ಶುರುವಾಗಿ ವಾರಗಳಾಗಿದ್ದವು, ಬಟ್ಟಲಿನಿಂದ ಬರುವುದಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ, ಇನ್ನೇನು ಎಂದು ಮನಸ್ಸಿಗೆ ಸಮಜಾಯಿಷಿ ಹೇಳಿಕೊಂಡೆ. ಜಯವಂತ ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಗೆ ಇಳಿದರು. ಅವರಿಗೆ ಸಿಟ್ಟು ಬಂದಾಗ ಮಗ್ಗದ ಸದ್ದು ಜೋರಾಗುತ್ತದೆ. ಶುಕ್ರವಾರ ದ್ರಾಕ್ಷಿ ತೊಳೆದು ನೆನೆಹಾಕಿದೆ.

ಶನಿವಾರ ಬೆಳಿಗ್ಗೆ ರೂತವ್ವ ಬಂದಳು. ಗುಳಿಗೆ ತೆಗೆದುಕೊಡಲು ಗೂಡಿನ ಹತ್ತಿರ ಹೋದವಳು ಒಲೆಯ ಪಕ್ಕದ ಪಾತ್ರೆಯ ಮುಂದೆ ನಿಂತಳು. ನೆನೆದು ಉಬ್ಬಿದ ದ್ರಾಕ್ಷಿಯನ್ನು ಬಹಳ ಹೊತ್ತು ನೋಡಿದಳು.

“ಸಭಾದವರಿಗೆ ಹೇಳೀರೇನ್ರಿ ಅಕ್ಕ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದು. ಕೇಳದ ಪ್ರಶ್ನೆಗೂ ಸೇರಿಸಿ ಉತ್ತರ ಕೊಟ್ಟೆ. ಬಟ್ಟಲಿನಿಂದ ಇದು ಹತ್ತುವುದಿಲ್ಲ, ಔಷಧ ತೆಗೆದುಕೊಂಡು ಕೆಲವು ವಾರವಾದರೆ ಭಯವಿಲ್ಲ, ದೊಡ್ಡ ಡಾಕ್ಟರೇ ಹೇಳಿದ್ದು, ಸುಮ್ಮನೆ ಮಂದಿಯನ್ನು ಯಾಕೆ ಅಂಜಿಸುವುದು ಎಂದು ಒಂದೇ ಉಸಿರಿಗೆ ಹೇಳಿದೆ. ಹೇಳಿ ಕೆಮ್ಮಿದೆ.

ಆಕೆ ಪೂರ್ತಿ ಕೇಳಿದಳು. ಸಿಟ್ಟಿರಲಿಲ್ಲ. ಅರ್ಥವಾಗದ್ದನ್ನು ಟೀಚರಿಗೆ ಕೇಳುವ ಮಗುವಿನ ದನಿ.

“ಹಂಗಾದ್ರ ನನ್ನ ಯಾಕ ಹಿಂದ ಕುಂಡ್ರಿಸಿದ್ರಿ?”

ಒಳಗೆ ಮಗ್ಗದ ಸದ್ದು ನಿಂತಿತು. ಸಿಕ್ಕಿಬಿದ್ದಾಗ ನಾನು ಮಾಡುವುದನ್ನೇ ಮಾಡಿದೆ, ಎದುರಿನವರ ಮೇಲೆ ಹಾಕಿದೆ. ನಿನ್ನ ಔಷಧ ಮುಗಿದು ಎಷ್ಟು ಕಾಲವಾಯಿತು, ನೀನೇ ಯಾಕೆ ಮುಂದೆ ಬರಲಿಲ್ಲ ಎಂದು ಕೇಳಿದೆ.

“ಮುಗಿಯೂಮಟ ಅಂದಿದ್ರಿ. ಮುಗಿದ ಮ್ಯಾಲ ನೀವು ಕರೀತೀರಿ ಅಂತ ಕುಂತಿದ್ನಿ,” ಅಂದಳು. ಆಮೇಲೆ ಗುಳಿಗೆ ಮತ್ತು ನೀರಿನ ಲೋಟ ನನ್ನ ಮುಂದೆ ಹಿಡಿದು, “ತಗೋರಿ. ಹೊತ್ತಾಗೇತಿ,” ಅಂದಳು.

ನುಂಗಿದೆ. ಆಕೆ ಹೋದ ಮೇಲೆ ಒಲೆಯ ಮುಂದೆ ಕುಳಿತು ಅತ್ತೆ. ನಾಚಿಕೆಯಿಂದ ಅತ್ತೆ, ಬೇರೆ ಹೆಸರು ಅದಕ್ಕೆ ಬೇಡ. ಮೂವತ್ತು ವರ್ಷ ಮಕ್ಕಳಿಗೆ ನಂಬಿಕೆ ನಡತೆಯಲ್ಲಿ ಕಾಣಬೇಕು ಎಂದು ಕಥೆ ಮಾಡಿ ಹೇಳಿದ್ದೆ. ನಾನು ನಂಬಿಲ್ಲ ಎಂದಲ್ಲ, ಪ್ರಾಣಕ್ಕಿಂತ ಹೆಚ್ಚು ನಂಬಿದ್ದೆ. ಆ ನಂಬಿಕೆ ದ್ರಾಕ್ಷಿ ತೊಳೆಯುವುದರಲ್ಲಿತ್ತು, ಬಿಳಿ ಬಟ್ಟೆ ಇಸ್ತ್ರಿ ಮಾಡುವುದರಲ್ಲಿತ್ತು, ಹಾಡಿನಲ್ಲಿತ್ತು. ಹನ್ನೆರಡು ಹೆಜ್ಜೆ ನಡೆದು ಹಿಂದಿನ ಬೆಂಚಿನ ಹತ್ತಿರ ಹೋಗಿ ‘ಬಾ’ ಅನ್ನುವುದಕ್ಕೆ ಮಾತ್ರ ಅದು ಬಂದಿರಲಿಲ್ಲ. ಜಯವಂತ ಬಂದು ಪಕ್ಕದಲ್ಲಿ ಕುಳಿತರು. ದ್ರಾಕ್ಷಿಯನ್ನು ಅಯ್ಯನವರ ಮನೆಗೆ ಕೊಟ್ಟು ಬನ್ನಿ, ವಿಷಯವನ್ನೂ ಹೇಳಿ ಬನ್ನಿ ಅಂದೆ. ಅವರು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹೋದರು.

ಭಾನುವಾರ ಮಾಸ್ಕು ಹಾಕಿಕೊಂಡು ಗುಡಿಗೆ ಹೋದೆ, ಹೊರಗೆ ಬಾಗಿಲ ಹೊಸ್ತಿಲ ಹತ್ತಿರ ನಿಂತೆ. ಅಯ್ಯನವರು ಎಲ್ಲರಿಗೂ ತಿರುಗಿ ನನ್ನ ಕಡೆ ನೋಡಲು ಹೇಳಿದರು.

“ನನಗ ಕ್ಷಯ ಆಗೇತಿ,” ಅಂದೆ. “ಹೋದ ತಿಂಗಳು ಬಾಯಾಗ ರಕ್ತ ಕಂಡ ಮ್ಯಾಲೂ ಇಲ್ಲಿ ಬಂದು ನಿಮ್ಮ ಬಾಜೂಕ ನಿಂತು ಹಾಡಿದೆ. ಎಲ್ಲಾರೂ ಪರೀಕ್ಷಾ ಮಾಡಿಸ್ಕೋರಿ. ರೂತವ್ವನ್ನ ಹಿಂದ ಕುಂಡ್ರಿಸಿದಾಕಿ ನಾನು. ಕರೀಲಾರದ ಬಿಟ್ಟಾಕಿನೂ ನಾನ.”

ಒಬ್ಬ ತಾಯಿ ಮಗುವನ್ನು ಮಡಿಲಿಗೆ ಎಳೆದುಕೊಂಡಳು. ನನ್ನ ಸಂಘದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಔಷಧ ಮುಗಿಯುವ ತನಕ ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ, ಭೋಜನಕ್ಕೆ ಬರುವುದಿಲ್ಲ, ಇನ್ನೊಬ್ಬಳಿಗೆ ಹಾಕಿದ ಅಳತೆ ನನಗೂ ಇರಲಿ ಅಂದೆ. ಅದರ ಅಗತ್ಯವಿಲ್ಲ ಎಂದು ಅಯ್ಯನವರು ಹೇಳಿದರು, ಆದರೆ ಬಹಳ ಮಂದಿಗೆ ಉಸಿರು ಹಗುರಾದದ್ದು ಅಲ್ಲಿಂದಲೇ ಕಂಡಿತು.

ಅಯ್ಯನವರು ಕೆಳಗಿಳಿದು ರೂತವ್ವನ ಮುಂದೆ ಬಂದು ನಿಂತರು. ತಪ್ಪು ನನ್ನದೂ ಇದೆ, ದಯವಿಟ್ಟು ಈ ದಿನ ಮುಂದೆ ಬಾ ಎಂದು ಕೈ ಮುಗಿದರು. ಎಲ್ಲರೂ ಆಕೆ ಏಳುತ್ತಾಳೆ ಎಂದು ನೋಡಿದರು. ಆಕೆ ಬೆಂಚಿನಲ್ಲಿ ತುಸು ಸರಿದು ಬಾಗಿಲ ಬದಿ ನನಗೆ ಜಾಗ ಮಾಡಿದಳು.

“ಅಕ್ಕನ ಔಷಧ ಮುಗೀಲ್ರಿ,” ಅಂದಳು. “ಕೂಡೇ ಬರ್ತೇವಿ.”

ಆರೋಗ್ಯ ಇಲಾಖೆಯವರು ಬಂದು ಎಲ್ಲರನ್ನೂ ಪರೀಕ್ಷೆ ಮಾಡಿದರು. ಸುನೀತಾಳಿಗೆ ಇತ್ತು. ಯಾರಿಂದ ಬಂತು ಎಂದು ಖಚಿತವಾಗಿ ಯಾರೂ ಹೇಳಲಾರರು ಎಂದು ಡಾಕ್ಟರು ಅಂದರು. ನನಗೆ ಡಾಕ್ಟರ ಸಮಾಧಾನ ಬೇಕಿರಲಿಲ್ಲ. ಒಂದೇ ಪುಸ್ತಕ ಹಿಡಿದು ಹಾಡಿದ್ದು ನಾನು ಮರೆತಿಲ್ಲ. ಬೇಗ ಸಿಕ್ಕಿದ್ದರಿಂದ ಆಕೆಗೆ ಹೆಚ್ಚು ತ್ರಾಸಾಗಲಿಲ್ಲ, ಅದೊಂದು ದೊಡ್ಡ ಕರುಣೆ.

ನನ್ನ ಮೈಗೆ ಬಲ ಬಂದು, ಭಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ದಿನಾಲೂ ಬೆಳಿಗ್ಗೆ ಸುನೀತಾಳ ಮನೆಗೆ ಹೋಗತೊಡಗಿದೆ. ಆಕೆಯ ತಾಯಿ ನನ್ನನ್ನು ಒಳಗೆ ಕರೆಯಲಿಲ್ಲ. ಬಾಗಿಲ ಮುಂದಿನ ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆ, ಹುಡುಗಿ ಹೊಸ್ತಿಲಲ್ಲಿ ನಿಂತು ಗುಳಿಗೆ ನುಂಗಿ ಖಾಲಿ ಲೋಟ ತೋರಿಸುತ್ತಿದ್ದಳು. ತಾಯಿ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಮಾತಾಡಲೇಬೇಕೆಂದು ಕೇಳುವ ಬಾಯಿ ನನಗಿಲ್ಲ. ಆದರೆ ಸುನೀತಾಳನ್ನು ಯಾರೂ ಹಿಂದಿನ ಬೆಂಚಿಗೆ ಕಳಿಸಲಿಲ್ಲ. ಹುಡುಗಿ ಮೊದಲ ತಿಂಗಳು ಮುಗಿದ ಮೇಲೆ ಎಲ್ಲರ ಸಾಲಿನಲ್ಲೇ ಮೊಣಕಾಲೂರಿದಳು, ಅಯ್ಯನವರು ಬಟ್ಟಲು ಕೊಟ್ಟರು. ಅಷ್ಟನ್ನು ನಮ್ಮ ಸಭೆ ಕಲಿತಿತ್ತು.

ನಡುವೆ ಒಮ್ಮೆ ಹುನಗುಂದದಿಂದ ನನ್ನ ತಮ್ಮ ಬಂದಿದ್ದ. ನನ್ನ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿ, ನಂಬಿಕೆ ಇದ್ದರೆ ಇನ್ನು ಗುಳಿಗೆ ಯಾಕೆ, ಬಿಡು ಅಂದ. ಅದು ಮೂರನೆಯ ತಿಂಗಳು. ಜ್ವರ ಇಲ್ಲ, ಕೆಮ್ಮು ಇಲ್ಲ, ಗುಳಿಗೆ ಕಂಡರೆ ವಾಕರಿಕೆ. ಬಿಡಲು ಮನಸ್ಸೂ ಆಗಿತ್ತು. ಮಾತು ಕಡಿಮೆಯ ಜಯವಂತ ಮಗ್ಗದಿಂದಲೇ, ಆಕೆಗೆ ನಂಬಿಕೆ ಇದೆ, ಅದಕ್ಕೇ ಗುಳಿಗೆ ತೆಗೆದುಕೊಳ್ಳುತ್ತಾಳೆ ಅಂದರು. ತಮ್ಮ ಚಹಾ ಕುಡಿದು ಬಸ್ಸಿಗೆ ಹೋದ.

ಹಿಂದಿನ ಬೆಂಚಿನಿಂದ ಗುಡಿ ಬೇರೆಯೇ ಕಾಣುತ್ತದೆ. ಎಲ್ಲರ ಬೆನ್ನು ಕಾಣುತ್ತದೆ, ಯಾರ ಮುಖವೂ ಕಾಣುವುದಿಲ್ಲ. ಭೋಜನದ ಹೊತ್ತಿಗೆ ಎಲ್ಲರೂ ಎದ್ದು ಹೋದಾಗ ಬೆಂಚುಗಳು ಖಾಲಿಯಾಗಿ ನಾವಿಬ್ಬರೇ ಉಳಿಯುತ್ತಿದ್ದೆವು. ತಿರುಗಿ ಬರುವವರು ನಮ್ಮನ್ನು ದಾಟುವಾಗ ಕಣ್ಣು ಕೆಳಗೆ ಮಾಡುತ್ತಿದ್ದರು, ನಾನು ಮಾಡಿದ್ದಂತೆಯೇ. ಮೊದಲ ಸಲ ನನಗೆ ಎದೆ ಒಡೆದು ಬಂತು. ರೂತವ್ವ ತನ್ನ ಕರವಸ್ತ್ರ ಕೊಟ್ಟಳು. ಇಷ್ಟು ದಿನ ಇಲ್ಲಿ ಕುಳಿತು ಏನು ಮಾಡುತ್ತಿದ್ದೆ ಎಂದು ಮೆಲ್ಲಗೆ ಕೇಳಿದೆ. ಮುಂದೆ ಹೋದವರನ್ನು ಎಣಿಸಿ ಒಬ್ಬೊಬ್ಬರ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದೆ ಅಂದಳು. ನನ್ನ ಹೆಸರು ಬರುತ್ತಿತ್ತೇ ಎಂದು ಕೇಳಲು ಧೈರ್ಯವಾಗಲಿಲ್ಲ. ಆಕೆ ತಾನಾಗಿ ಹೇಳಲೂ ಇಲ್ಲ.

ಆ ತಿಂಗಳುಗಳಲ್ಲಿ ರೊಟ್ಟಿ ರಸ ಅಯ್ಯನವರ ಮನೆಯಿಂದ ಬರುತ್ತಿತ್ತು. ರಸ ನೀರಾಗಿದೆ ಎಂದು ಜಯವಂತ ಹೇಳಿದಾಗ ನನಗೆ ಒಳಗೊಳಗೆ ಸಂತೋಷವಾಯಿತು, ಆ ಬುದ್ಧಿ ಹೋಗಲು ಗುಳಿಗೆ ಇಲ್ಲ. ಐದನೇ ತಿಂಗಳಿಗೆ ರೂತವ್ವನನ್ನು ಕೂರಿಸಿಕೊಂಡು ಮಾಡುವ ವಿಧಾನ ಕಲಿಸಿದೆ. ಎಷ್ಟು ದ್ರಾಕ್ಷಿಗೆ ಎಷ್ಟು ನೀರು, ಎಷ್ಟು ಕುದಿ, ಯಾವಾಗ ಸೋಸಬೇಕು, ಎಲ್ಲ. ನನ್ನ ಮನೆಯ ಬಿಳಿ ಬಟ್ಟೆಯನ್ನೂ ಆಕೆಗೆ ಕೊಟ್ಟೆ. ಅದನ್ನು ಕೊಡುವಾಗ ಕೈ ಸ್ವಲ್ಪ ತಡೆಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಆರು ತಿಂಗಳಾಯಿತು. ಬಾಗಲಕೋಟೆಯಲ್ಲಿ ಕೊನೆಯ ಪರೀಕ್ಷೆ ಆಯಿತು, ಗುಣವಾಗಿದೆ ಎಂದು ಡಾಕ್ಟರು ಬರೆದುಕೊಟ್ಟರು. ಕರುಣಾ ಮಗುವನ್ನು ಕರೆದುಕೊಂಡು ಬಂದು ನನ್ನ ಮಡಿಲಿಗೆ ಹಾಕಿದಳು. ಬುಧವಾರದ ಪ್ರಾರ್ಥನೆಯಲ್ಲಿ ನನಗಾಗಿ ಸ್ತೋತ್ರ ಮಾಡಿದರು. ಮೊದಲ ಭಾನುವಾರ ಬಂತು. ರೊಟ್ಟಿ ರಸ ಈ ಸಲ ರೂತವ್ವನ ಮನೆಯಿಂದ ಬಂದಿತ್ತು. ನಾವಿಬ್ಬರೂ ಎಂದಿನಂತೆ ಹಿಂದೆ ಕುಳಿತಿದ್ದೆವು.

ಭೋಜನ ಶುರುವಾಯಿತು. ಅಯ್ಯನವರು ಎಲ್ಲರನ್ನೂ ಕರೆದರು. ಗಂಡಸರ ಸಾಲು ಹೋಯಿತು, ಹೆಂಗಸರ ಮೊದಲ ಸಾಲು ಹೋಯಿತು, ಎರಡನೆಯದು ಎದ್ದಿತು. ಯಾರೂ ಹಿಂದೆ ತಿರುಗಿ ನೋಡಲಿಲ್ಲ. ಕೆಟ್ಟ ಮನಸ್ಸಿನಿಂದಲ್ಲ. ನಾವು ಅಲ್ಲಿ ಕೂರುವವರು ಎಂದು ಅವರಿಗೆ ರೂಢಿಯಾಗಿತ್ತು. ನಾನು ಸೆರಗು ಸರಿಮಾಡಿಕೊಂಡು ಕಾದೆ. ಅಯ್ಯನವರ ಕಣ್ಣು ಈಗ ಈ ಕಡೆ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಆ ಹೊತ್ತು ಎಷ್ಟಿರಬಹುದು, ಒಂದು ಹಾಡು ಮುಗಿಯುವಷ್ಟು. ಅಷ್ಟು ಹೊತ್ತು ಕಾಯಲು ನನ್ನಿಂದ ಆಗಲಿಲ್ಲ, ಪಕ್ಕದಲ್ಲಿ ಕುಳಿತವಳು ಅದನ್ನು ವರ್ಷಗಟ್ಟಲೆ ಕಾದಿದ್ದಳು.

ರೂತವ್ವ ಎದ್ದಳು. ನನ್ನ ಕೈ ಹಿಡಿದಳು.

“ಏಳ್ರಿ ಅಕ್ಕ,” ಅಂದಳು. “ಯಾರರೆ ಕರೀಲಿ ಅಂತ ಕುಂಡ್ರೂದು ಬ್ಯಾಡ.”

ಇಬ್ಬರೂ ನಡೆದೆವು. ಕೊನೆಯ ಸಾಲಿನ ಹೆಂಗಸರು ಸರಿದು ಜಾಗ ಮಾಡಿದರು, ಸುನೀತಾ ಬಾಯಿಗೆ ಸೆರಗಿಟ್ಟು ಅಳುತ್ತಿದ್ದಳು. ಮೊಣಕಾಲೂರಿದೆವು. ಬಟ್ಟಲು ಮೊದಲು ರೂತವ್ವನ ಬಾಯಿಗೆ ಬಂತು. ಪ್ರತಿಯೊಬ್ಬರು ಕುಡಿದ ಮೇಲೆ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ ಮುಂದಿನವರಿಗೆ ಕೊಡುವುದು ಪದ್ಧತಿ. ಅಯ್ಯನವರು ಒರೆಸಲು ಕೈ ಎತ್ತಿದರು. ನಾನು ಬೇಡವೆಂದು ತಲೆಯಾಡಿಸಿ, ಆಕೆಯ ತುಟಿ ತಾಗಿದ ಜಾಗದಿಂದಲೇ ಕುಡಿದೆ. ರಸ ತುಸು ಹೆಚ್ಚು ಕುದಿದಿತ್ತು. ನಾನು ಏನೂ ಅನ್ನಲಿಲ್ಲ.